ಟೌನ್ ಹಾಲ್ ಮುಂದೆ ದಿನಾ ಓಡಾಡ್ತೀರಿ, ಒಂದು ಫೋಟೋ ತೆಗೆದಿದ್ದೀರಾ?

ಮೈಸೂರಿನಲ್ಲೇ ಹುಟ್ಟಿ, ಮೈಸೂರಿನಲ್ಲೇ ಬೆಳೆದು, ದಿನಕ್ಕೆರಡು ಸಲ ದೊಡ್ಡ ಗಡಿಯಾರದ ಮುಂದೆ ಹಾದುಹೋಗುವ ಮಹನೀಯರಿಗೆ ಒಂದು ಸಣ್ಣ ಪ್ರಶ್ನೆ. ನಮ್ಮ ಟೌನ್ ಹಾಲಿನ ಮುಂಭಾಗದಲ್ಲಿ ಎಷ್ಟು ಕಂಬಗಳಿವೆ?

ಯೋಚನೆ ಮಾಡಬೇಡಿ, ತಕ್ಷಣ ಹೇಳಿ. ಬಾಯಿಗೆ ಬರುತ್ತಿಲ್ಲ ಅಲ್ಲವೇ? ಹೋಗಲಿ, ಕಂಬದ ತಲೆ ಹೇಗಿದೆ, ಎಲೆ ಇದೆಯೋ, ಸುರುಳಿ ಇದೆಯೋ, ಬೋಳು ಬೋಳಾಗಿದೆಯೋ? ಅದೂ ಗೊತ್ತಿಲ್ಲ. ಬೇಸರ ಬೇಡ. ದಿನಾ ನೋಡುವುದನ್ನು ನಾವು ಯಾರೂ ನೋಡುವುದಿಲ್ಲ. ಮನೆ ಮುಂದಿನ ತುಳಸಿ ಕಟ್ಟೆಯಲ್ಲಿ ಎಷ್ಟು ಮೂಲೆ ಇದೆ ಅಂತ ಕೇಳಿದರೂ ಇದೇ ಗತಿ.

ಅರಮನೆಯ ಮಾತು ಬೇರೆ. ಭಾನುವಾರ ಸಂಜೆ ದೀಪ ಹತ್ತಿತೆಂದರೆ ಸಾವಿರ ಕೈ ಮೇಲಕ್ಕೆ ಹೋಗುತ್ತದೆ, ಸಾವಿರ ಫೋನು ಕಣ್ಣು ಬಿಡುತ್ತದೆ. ಅಲ್ಲಿಂದ ಕೂಗಳತೆ ದೂರದಲ್ಲಿರುವ ಟೌನ್ ಹಾಲಿಗೆ ಆ ಭಾಗ್ಯವಿಲ್ಲ. ಸಭೆಗೆ ಬಂದವರು ಮಾಲೆ ಹಾಕಿಸಿಕೊಂಡವರ ಫೋಟೋ ತೆಗೆಯುತ್ತಾರೆ, ಪ್ರತಿಭಟನೆಗೆ ಬಂದವರು ಬ್ಯಾನರಿನ ಫೋಟೋ ತೆಗೆಯುತ್ತಾರೆ. ಹಿಂದೆ ನಿಂತ ಕಟ್ಟಡ ಅರ್ಧ ಕತ್ತರಿಸಿ, ಅರ್ಧ ಮಸುಕಾಗಿ ಮೂಲೆಯಲ್ಲಿ ಬೀಳುತ್ತದೆ.

ಇದರಿಂದ ಏನು ಹಾನಿ ಅಂತ ಕೇಳುವವರಿಗಾಗಿಯೇ ಇವತ್ತಿನ ಈ ಲೇಖನ.

ಯಾರ ನೆನಪಿನ ಮನೆ ಇದು?

ಟೌನ್ ಹಾಲ್, ಪುರಭವನ ಅಂತ ನಾವು ಕರೆಯುವ ಈ ಕಟ್ಟಡದ ನಿಜವಾದ ಹೆಸರು ರಂಗಾಚಾರ್ಲು ಸ್ಮಾರಕ ಭವನ. ಐವತ್ತು ವರ್ಷ ಬ್ರಿಟಿಷ್ ಕಮಿಷನರುಗಳ ಕೈಯಲ್ಲಿದ್ದ ಮೈಸೂರು ಸೀಮೆ 1881ರಲ್ಲಿ ಮತ್ತೆ ಒಡೆಯರ ಕೈಗೆ ಬಂದಾಗ, ಹತ್ತನೆಯ ಚಾಮರಾಜೇಂದ್ರ ಒಡೆಯರ ಮೊದಲ ದಿವಾನರಾದವರು ಸಿ. ರಂಗಾಚಾರ್ಲು. ಅಧಿಕಾರದಲ್ಲಿದ್ದದ್ದು ಎರಡು ವರ್ಷವೂ ಪೂರ್ತಿ ಅಲ್ಲ. 1883ರ ಜನವರಿಯಲ್ಲಿ ತೀರಿಕೊಂಡರು.

ಆ ಸಣ್ಣ ಅವಧಿಯಲ್ಲೇ ದೇಶದ ಬೇರಾವ ಸಂಸ್ಥಾನದಲ್ಲೂ ಇಲ್ಲದ ಒಂದು ಕೆಲಸ ಮಾಡಿಹೋದರು. 1881ರಲ್ಲಿ ಪ್ರಜಾ ಪ್ರತಿನಿಧಿ ಸಭೆ ಶುರು ಮಾಡಿದರು. ಊರೂರಿನ ರೈತರು, ವರ್ತಕರು ಬಂದು ಕುಳಿತು ಸರ್ಕಾರದ ಮುಂದೆ ತಮ್ಮ ಅಹವಾಲು ಹೇಳಿಕೊಳ್ಳುವ ಏರ್ಪಾಡು. ಮೊದಲ ಸಭೆಗೆ ಸೇರಿದವರು 144 ಮಂದಿ. ಕಾನೂನು ಮಾಡುವ ಅಧಿಕಾರ ಅವರಿಗಿರಲಿಲ್ಲ, ನಿಜ. ಆದರೂ ದಿವಾನರ ಎದುರು ನಿಂತು "ಸ್ವಾಮಿ, ನಮ್ಮ ಕೆರೆ ಒಡೆದಿದೆ" ಅಂತ ಹೇಳುವ ಬಾಯಿ ಬಂತು. ಆ ಕಾಲಕ್ಕೆ ಅದು ಸಣ್ಣ ಮಾತಲ್ಲ.

ಅಂಥವರ ನೆನಪಿಗೆ 1884ರಲ್ಲಿ ಎದ್ದ ಕಟ್ಟಡ ಇದು. ಅವರು ಹುಟ್ಟುಹಾಕಿದ ಆ ಸಭೆಯ ಅಧಿವೇಶನಗಳು ಮುಂದೆ ಇದೇ ಸೂರಿನಡಿ ನಡೆದವು. ಆಮೇಲೆ ನಾಟಕ, ಸಂಗೀತ, ಸನ್ಮಾನ, ಶೋಕಸಭೆ ಎಲ್ಲಕ್ಕೂ ಇದೇ ಜಾಗ. ಇಂದಿಗೂ ಊರಿಗೆ ಸಿಟ್ಟು ಬಂದರೆ ಮೆರವಣಿಗೆ ಬಂದು ಸೇರುವುದು ಇದರ ಅಂಗಳಕ್ಕೆ. ಮುಂದೆ ಡಾ. ಅಂಬೇಡ್ಕರ್ ಅವರ ಪ್ರತಿಮೆ ಇದೆ, ಏಪ್ರಿಲ್ 14ರಂದು ಅಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಎದುರಿನ ದೊಡ್ಡ ಗಡಿಯಾರವೇ ಇದರ ಮುಂದೆ ಚಿಕ್ಕವನು. ಅದು ಬಂದದ್ದು 1927ರಲ್ಲಿ, ನಾಲ್ವಡಿಯವರ ಆಳ್ವಿಕೆಯ ಬೆಳ್ಳಿಹಬ್ಬಕ್ಕೆ. ಪುರಭವನ ಅದಕ್ಕಿಂತ ನಲವತ್ತು ವರ್ಷಕ್ಕೂ ದೊಡ್ಡಣ್ಣ.

ಅರಮನೆ ದೊರೆಗಳ ಮನೆಯಾದರೆ ಇದು ಊರಿನ ಜನರ ಮನೆ. ಜನರ ಮನೆಯ ಫೋಟೋ ಜನರ ಹತ್ತಿರವೇ ಇಲ್ಲ ಎಂದರೆ ಹೇಗೆ?

ಹೋದ ಮೇಲೆ ಉಳಿಯುವುದೇನು?

ಈಗಿನ ಅರಮನೆಯ ಜಾಗದಲ್ಲಿ ಹಿಂದೆ ಒಂದು ಮರದ ಅರಮನೆ ಇತ್ತು. 1897ರಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ಮದುವೆಯ ಸಂಭ್ರಮದಲ್ಲೇ ಬೆಂಕಿ ಬಿದ್ದು ಸುಟ್ಟುಹೋಯಿತು. ಹೆನ್ರಿ ಇರ್ವಿನ್ ಎಂಬ ವಾಸ್ತುಶಿಲ್ಪಿ ನಕ್ಷೆ ಹಾಕಿದ ಹೊಸ ಅರಮನೆ ಮುಗಿದದ್ದು 1912ರಲ್ಲಿ. ಹಳೆಯದರ ಮುಖ ಹೇಗಿತ್ತು ಅಂತ ಇವತ್ತು ನಾವು ಒಂದಿಷ್ಟು ಹೇಳಬಲ್ಲೆವು. ಯಾಕೆ? ಬೆಂಕಿ ಬೀಳುವ ಮೊದಲೇ ಯಾರೋ ಪುಣ್ಯಾತ್ಮರು ಕ್ಯಾಮೆರಾ ಹೊತ್ತು ಬಂದು ಅದರ ಫೋಟೋ ತೆಗೆದಿದ್ದರು. ಫೋಟೋದಲ್ಲಿ ಬಿದ್ದಷ್ಟು ಉಳಿಯಿತು, ಬೀಳದೇ ಇದ್ದದ್ದು ಬೂದಿಯಾಯಿತು.

ಹಳೆಯ ಕಥೆ ಬೇಡ ಎನ್ನುವಿರಾ? ನಿನ್ನೆ ಮೊನ್ನೆಯದು ಕೇಳಿ. 1892ರ ಲ್ಯಾನ್ಸ್‌ಡೌನ್ ಕಟ್ಟಡ. ಪುಸ್ತಕದ ಅಂಗಡಿ, ಬಟ್ಟೆ ಅಂಗಡಿ ಅಂತ ತುಂಬಿ ತುಳುಕುತ್ತಿದ್ದ ಜಾಗ. 2012ರ ಆಗಸ್ಟ್ 25ರಂದು ಅದರ ಒಂದು ಭಾಗ ಕುಸಿದು ನಾಲ್ವರು ಪ್ರಾಣ ಬಿಟ್ಟರು. ನಾಲ್ಕು ವರ್ಷವಾಗುವಷ್ಟರಲ್ಲಿ, 2016ರ ಆಗಸ್ಟ್ 28ರಂದು, ದೇವರಾಜ ಮಾರುಕಟ್ಟೆಯ ಧನ್ವಂತರಿ ರಸ್ತೆ ಕಡೆಯ ಭಾಗ ಕುಸಿಯಿತು. ಎರಡೂ ಆಗಸ್ಟ್ ತಿಂಗಳು, ಎರಡೂ ಮಳೆಗಾಲ. ಉಳಿಸಬೇಕೋ ಕೆಡವಬೇಕೋ ಎಂಬ ವಾದ ಹೈಕೋರ್ಟಿನವರೆಗೆ ಹೋಯಿತು. ವರ್ತಕರು ಮಾತ್ರ ನಡುವೆ ಸಿಕ್ಕಿ ನಲುಗಿದರು.

ಪುರಭವನವೂ ಸುಮ್ಮನೆ ಕೂತಿಲ್ಲ. ಅದರ ಅಂಗಳದಲ್ಲಿ 2011ರ ಸುಮಾರಿಗೆ ನೆಲದಡಿ ಪಾರ್ಕಿಂಗ್ ಮಾಡುತ್ತೇವೆ ಅಂತ ಅಗೆಯಲು ಶುರು ಮಾಡಿದರು. ಆ ಕಾಮಗಾರಿ ವರ್ಷಾನುಗಟ್ಟಲೆ ಎಳೆದಾಡಿತು. ನೂರು ವರ್ಷ ದಾಟಿದ ಗೋಡೆಯ ಪಕ್ಕದಲ್ಲಿ ಗುಂಡಿ ತೋಡಿದರೆ ಗೋಡೆಗೆ ಏನಾಯಿತು, ಏನಾಗಲಿಲ್ಲ ಎಂದು ಹೇಳಲು ಏನು ಆಧಾರ? ಅಗೆಯುವ ಮೊದಲು ತೆಗೆದ ಫೋಟೋ, ಅಗೆದ ಮೇಲೆ ತೆಗೆದ ಫೋಟೋ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು. ಮೊದಲಿನದೇ ಇಲ್ಲದಿದ್ದರೆ ಎರಡನೆಯದಕ್ಕೆ ಅರ್ಧ ಬೆಲೆ.

ಹೊರದೇಶದವರಿಗೂ ಇದು ಬಿದ್ದ ಪೆಟ್ಟೇ. ಪ್ಯಾರಿಸ್ಸಿನ ಪುರಭವನ 1871ರ ಮೇ ತಿಂಗಳ ಗಲಭೆಯಲ್ಲಿ ಸುಟ್ಟುಹೋಯಿತು. ಕಟ್ಟಡದ ಜೊತೆಗೆ ಊರಿನವರ ಜನನ, ಮದುವೆ, ಮರಣದ ಹಳೆಯ ರಿಜಿಸ್ಟರುಗಳೂ ಹೋದವು. ಹೊರಮುಖವನ್ನು ಮೊದಲಿನಂತೆಯೇ ಕಾಣುವ ಹಾಗೆ ಮತ್ತೆ ಕಟ್ಟಿ ಮುಗಿಸಿದ್ದು 1882ರಲ್ಲಿ. ಕಟ್ಟಡ ಮತ್ತೆ ಬಂತು, ರಿಜಿಸ್ಟರುಗಳು ಬರಲಿಲ್ಲ. ಇನ್ನೊಂದು ಪ್ರತಿ ಇಟ್ಟುಕೊಂಡವನೇ ಬುದ್ಧಿವಂತ ಎನ್ನುವುದನ್ನು ಅಂಗಡಿ ಲೆಕ್ಕ ಬರೆಯುವವರಿಗೆ ನಾವು ಹೇಳಿಕೊಡಬೇಕಾಗಿಲ್ಲ.

ಗೋಪುರದಿಂದ ಬೀಳಬೇಕಿದ್ದವನ ಕಥೆ

ಫೋಟೋ ಅಂದರೆ ಬರೀ ಅಂದಕ್ಕೆ, ಗೋಡೆಗೆ ತೂಗುಹಾಕಲಿಕ್ಕೆ ಎಂದು ತಿಳಿದವರು ಈ ಕಥೆ ಕೇಳಬೇಕು.

1858ರಲ್ಲಿ ಜರ್ಮನಿಯ ವೆಟ್ಸ್‌ಲಾರ್ ಎಂಬ ಊರಿನಲ್ಲಿ ಆಲ್ಬ್ರೆಕ್ಟ್ ಮೈಡೆನ್‌ಬಾವರ್ ಎಂಬ ತರುಣ ವಾಸ್ತುಶಿಲ್ಪಿಗೆ ಒಂದು ಹಳೆಯ ಇಗರ್ಜಿಯ ಅಳತೆ ತೆಗೆಯುವ ಕೆಲಸ ಬಿತ್ತು. ಮೇಲೆ ಹತ್ತಿ ಟೇಪು ಹಿಡಿದು ಅಳೆಯುವಾಗ ಕಾಲು ಜಾರಿ ಪ್ರಾಣ ಹೋಗುವುದರಲ್ಲಿತ್ತು. ಹೇಗೋ ಬಚಾವಾದ. ಕೆಳಗಿಳಿದು ಬಂದವನು ಯೋಚನೆ ಮಾಡಿದ: ಕ್ಯಾಮೆರಾ ಇರುವಾಗ ನಾನು ಯಾಕೆ ಮೇಲೆ ಹತ್ತಬೇಕು? ನೆಟ್ಟಗೆ, ಲೆಕ್ಕ ಪ್ರಕಾರ ತೆಗೆದ ಫೋಟೋದ ಮೇಲೆಯೇ ಅಳತೆ ಮಾಡಬಹುದಲ್ಲ!

ಆ ಯೋಚನೆ ಬೆಳೆದು 1885ರಲ್ಲಿ ಬರ್ಲಿನ್ನಿನಲ್ಲಿ ಸರ್ಕಾರದ ಒಂದು ಸಂಸ್ಥೆಯೇ ಆಯಿತು. ಅಂದರೆ ನಮ್ಮ ಪುರಭವನದ ಗಾರೆ ಇನ್ನೂ ಹಸಿಯಾಗಿದ್ದ ಕಾಲ. ಆ ಸಂಸ್ಥೆ ಸುಮಾರು 20,000 ಗಾಜಿನ ಪ್ಲೇಟುಗಳಲ್ಲಿ ಹಳೆಯ ಕಟ್ಟಡಗಳನ್ನು ಹಿಡಿದಿಟ್ಟಿತು. ಮುಂದೆ ಎರಡನೆಯ ಮಹಾಯುದ್ಧದಲ್ಲಿ ಬಾಂಬು ಬಿದ್ದು ಕಟ್ಟಡಗಳು ನೆಲಕ್ಕೆ ಬಂದಾಗ, ಮತ್ತೆ ಕಟ್ಟುವವರಿಗೆ ಆ ಪ್ಲೇಟುಗಳು ನಕ್ಷೆಯ ಹಾಗೆ ಕೆಲಸಕ್ಕೆ ಬಂದವು.

ನಮ್ಮ ಸೀಮೆಯೂ ಈ ವಿದ್ಯೆಗೆ ಹೊಸದಲ್ಲ. ಲಿನ್ನೆಯಸ್ ಟ್ರೈಪ್ ಎಂಬ ಸೈನ್ಯದ ಅಧಿಕಾರಿ 1854ರಲ್ಲೇ ಬೇಲೂರು ಹಳೇಬೀಡಿಗೆ ಕ್ಯಾಮೆರಾ ಹೊರಿಸಿಕೊಂಡು ಬಂದಿದ್ದ. ಆಗ ಫಿಲ್ಮೂ ಇಲ್ಲ, ಗಾಜೂ ಅಲ್ಲ, ಮೇಣ ಸವರಿದ ಕಾಗದದ ಮೇಲೆ ನೆಗೆಟಿವ್. 1866ರಲ್ಲಿ ಧಾರವಾಡ ಮತ್ತು ಮೈಸೂರು ಸೀಮೆಯ ವಾಸ್ತುಶಿಲ್ಪದ ಒಂದು ದೊಡ್ಡ ಪುಸ್ತಕ ಲಂಡನ್ನಿನಲ್ಲಿ ಅಚ್ಚಾಯಿತು. ಫೋಟೋಗಳು ಪಿಗೂ, ನೀಲ್, ಬಿಗ್ಸ್ ಎಂಬ ಮೂವರದು. ಗುಡಿಗಳಿಗೆ ಈ ಮರ್ಯಾದೆ ಸಿಕ್ಕಿತು. ಪೇಟೆಯ ನಡುವಿನ ಪುರಭವನಕ್ಕೂ ಸಿಗಲಿ ಎಂಬುದಷ್ಟೇ ನಮ್ಮ ಮಾತು.

ಈಗಂತೂ ಕಂಪ್ಯೂಟರ್ ಕಾಲ. ಕಟ್ಟಡದ ಸುತ್ತ ನಡೆಯುತ್ತಾ ಒಂದಕ್ಕೊಂದು ಅರ್ಧಕ್ಕಿಂತ ಹೆಚ್ಚು ಮೇಲೆ ಬೀಳುವ ಹಾಗೆ ನೂರಿನ್ನೂರು ಫೋಟೋ ತೆಗೆದುಕೊಟ್ಟರೆ, ಕಂಪ್ಯೂಟರು ಅವನ್ನೆಲ್ಲ ಹೊಲಿದು ಇಡೀ ಕಟ್ಟಡದ ಆಕಾರವನ್ನೇ ನಿಲ್ಲಿಸುತ್ತದೆ. ಪಕ್ಕದಲ್ಲಿ ಒಂದು ಅಳತೆಯ ಕೋಲು ಇಟ್ಟಿದ್ದರೆ ಅಡಿ, ಅಂಗುಲದ ಲೆಕ್ಕವೂ ಬರುತ್ತದೆ. ಮೈಡೆನ್‌ಬಾವರ್ ಜೀವ ಒತ್ತೆಯಿಟ್ಟು ಮಾಡಬೇಕಿದ್ದ ಕೆಲಸವನ್ನು ಇವತ್ತು ಕಾಲೇಜು ಹುಡುಗರು ಒಂದು ಬೆಳಿಗ್ಗೆಯಲ್ಲಿ ಮಾಡಬಹುದು.

ಕಟ್ಟಡ ಹಿಂದಕ್ಕೆ ಬೀಳದಂತೆ ತೆಗೆಯುವುದು

ಸರಿ, ಫೋನು ಕೈಯಲ್ಲಿದೆ. ಟೌನ್ ಹಾಲ್ ಮುಂದೆ ನಿಂತಿರಿ. ಕಟ್ಟಡ ಪೂರ್ತಿ ಬರಲಿ ಎಂದು ಫೋನನ್ನು ಮೇಲಕ್ಕೆ ಎತ್ತಿದಿರಿ. ಫೋಟೋ ನೋಡಿದರೆ ಕಂಬಗಳೆಲ್ಲ ತಲೆಯ ಹತ್ತಿರ ಒಂದಕ್ಕೊಂದು ವಾಲಿಕೊಂಡಿವೆ, ಕಟ್ಟಡ ಮಲಗಲು ಹೊರಟ ಹಾಗೆ ಕಾಣುತ್ತದೆ. ಕಟ್ಟಡದ ತಪ್ಪಲ್ಲ, ಕ್ಯಾಮೆರಾ ಓರೆಯಾದದ್ದರ ಫಲ. ಎತ್ತರದ ಭಾಗ ನಿಮ್ಮಿಂದ ದೂರ, ದೂರದ್ದು ಚಿಕ್ಕದಾಗಿ ಕಾಣುತ್ತದೆ. ರೈಲು ಕಂಬಿಗಳು ದೂರದಲ್ಲಿ ಸೇರಿದ ಹಾಗೆ ಕಾಣುವುದಿಲ್ಲವೇ, ಅದೇ ಲೆಕ್ಕ.

ಮದ್ದು ಇದೆ. ಗಾರೆ ಕೆಲಸದವರು ತೂಗುಗುಂಡು ಬಿಟ್ಟು ಗೋಡೆ ನೋಡುವಂತೆ ನಿಮ್ಮ ಫೋನು ನೆಟ್ಟಗೆ ನಿಲ್ಲಬೇಕು. ಮೇಲಕ್ಕೆ ಎತ್ತಬಾರದು. ಬದಲಿಗೆ ಹಿಂದಕ್ಕೆ ಹೋಗಿ. ಹಿಂದಕ್ಕೆ ಹೋಗಲು ಬಸ್ಸು, ಆಟೋ ಬಿಡುವುದಿಲ್ಲ ಎಂದರೆ ಎದುರಿನ ಕಟ್ಟಡದ ಮಹಡಿ ಹತ್ತಿ. ಪುರಭವನದ ಅರ್ಧ ಎತ್ತರಕ್ಕೆ ನಿಂತು ನೇರವಾಗಿ ನೋಡಿದರೆ ಕಂಬಗಳು ಸಿಪಾಯಿಗಳ ಹಾಗೆ ನೆಟ್ಟಗೆ ನಿಲ್ಲುತ್ತವೆ. ಮಹಡಿಯ ಅಂಗಡಿಯವರೇ, ನಿಮ್ಮ ಕಿಟಕಿಯಲ್ಲಿ ಎಂಥ ಆಸ್ತಿ ಇದೆ ಗೊತ್ತಾಯಿತೇ?

ಹಿಂದಿನವರು ಇದಕ್ಕೆ ಬೇರೆ ಉಪಾಯ ಮಾಡುತ್ತಿದ್ದರು. ಕಪ್ಪು ಬಟ್ಟೆ ಹೊದ್ದು ನೋಡುವ ಆ ದೊಡ್ಡ ಕ್ಯಾಮೆರಾದಲ್ಲಿ ಪೆಟ್ಟಿಗೆ ಅಲುಗಾಡದಂತಿಟ್ಟು ಮುಂದಿನ ಲೆನ್ಸನ್ನು ಮಾತ್ರ ಮೇಲಕ್ಕೆ ಸರಿಸಬಹುದಿತ್ತು. ಅದೇ ವಿದ್ಯೆಯನ್ನು ಸಣ್ಣ ಕ್ಯಾಮೆರಾಕ್ಕೆ ತಂದದ್ದು ನಿಕಾನ್ ಕಂಪನಿ, 1962ರಲ್ಲಿ. ಈಗ ಫೋನಿನಲ್ಲೇ ವಾಲಿದ ಕಂಬ ನೆಟ್ಟಗೆ ಮಾಡುವ ಸೌಲಭ್ಯ ಉಂಟು. ಆದರೆ ಹಾಗೆ ಎಳೆದಾಡಿದಾಗ ಅಂಚು ಕತ್ತರಿಸಿಹೋಗುತ್ತದೆ, ಅಳತೆ ಹೆಚ್ಚುಕಡಿಮೆ ಆಗುತ್ತದೆ. ದಾಖಲೆಗೆ ತೆಗೆಯುವವರು ತೆಗೆಯುವಾಗಲೇ ನೆಟ್ಟಗೆ ತೆಗೆಯುವುದು ಲೇಸು. ಅಗಲವಾಗಿ ಬಾಚಿಕೊಳ್ಳುವ 0.5 ಗುಂಡಿ ಒತ್ತಬೇಡಿ, ಅದು ಅಂಚಿನ ಕಂಬವನ್ನು ದಪ್ಪ ಮಾಡುತ್ತದೆ.

ಇನ್ನು ಬೆಳಕು. ನಡುಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೆ ಬಂದಾಗ ಹಜಾರದ ಒಳಗೆಲ್ಲ ಕತ್ತಲೆ, ಹೊರಗೆಲ್ಲ ಕಣ್ಣುಕುಕ್ಕುವ ಬಿಳುಪು. ಬೆಳಿಗ್ಗೆ ಅಥವಾ ಸಂಜೆ ಓರೆ ಬಿಸಿಲು ಗೋಡೆಯ ಮೇಲೆ ಉಜ್ಜಿಕೊಂಡು ಹೋಗುವಾಗ ಬನ್ನಿ. ಗಾರೆಯ ಒಂದೊಂದು ಗೆರೆಗೂ ನೆರಳು ಬಿದ್ದು ಎದ್ದು ಕಾಣುತ್ತದೆ. ನಮ್ಮೂರಿನ ಸೂರ್ಯ ಡಿಸೆಂಬರಿನಲ್ಲಿ ದಕ್ಷಿಣಕ್ಕೆ ವಾಲುತ್ತಾನೆ, ಮೇ, ಜೂನ್, ಜುಲೈನಲ್ಲಿ ನೆತ್ತಿ ದಾಟಿ ಉತ್ತರಕ್ಕೆ ಹೋಗುತ್ತಾನೆ. ಹಾಗಾಗಿ ಯಾವುದೇ ಕಟ್ಟಡದ ನಾಲ್ಕು ಗೋಡೆಗೂ ಒಳ್ಳೆಯ ಬಿಸಿಲು ಸಿಗಬೇಕಾದರೆ ವರ್ಷದಲ್ಲಿ ಎರಡು ಸಲವಾದರೂ ಬರಬೇಕು. ಸಣ್ಣ ಕೆತ್ತನೆಗಳಿಗೆ ಮೋಡ ಕವಿದ ದಿನವೇ ವಾಸಿ.

ದಸರೆಯ ದೀಪಾಲಂಕಾರ ತೆಗೆಯುವವರಿಗೆ ಒಂದು ಗುಟ್ಟು. ಪೂರ್ತಿ ಕತ್ತಲಾಗುವವರೆಗೆ ಕಾಯಬೇಡಿ. ಸೂರ್ಯ ಮುಳುಗಿದ ಸ್ವಲ್ಪ ಹೊತ್ತಿಗೆ ಆಕಾಶ ಇನ್ನೂ ನೀಲಿಯಾಗಿರುತ್ತದೆ, ದೀಪವೂ ಹತ್ತಿರುತ್ತದೆ. ಆ ಹೊತ್ತಿನಲ್ಲಿ ಕಟ್ಟಡದ ಆಕಾರವೂ ಬರುತ್ತದೆ, ದೀಪವೂ ಬರುತ್ತದೆ. ಕಪ್ಪಾದ ಮೇಲೆ ತೆಗೆದರೆ ಬಲ್ಬಿನ ಸಾಲು ಮಾತ್ರ.

ಜನರನ್ನು ಮಾಯ ಮಾಡುವ ವಿದ್ಯೆ

"ಅಲ್ಲಾ ಸ್ವಾಮಿ, ಆ ಜಾಗದಲ್ಲಿ ಯಾವಾಗ ನೋಡಿದರೂ ಜನ, ಗಾಡಿ. ಕಟ್ಟಡ ಎಲ್ಲಿ ಕಾಣುತ್ತೆ?" ಎನ್ನುತ್ತೀರಿ. ಕಾಣಿಸಬಹುದು. 1838ರಲ್ಲಿ ಪ್ಯಾರಿಸ್ಸಿನಲ್ಲಿ ಡಾಗೇರ್ ಎಂಬಾತ ಕಿಟಕಿಯಿಂದ ಒಂದು ಗಿಜಿಗುಟ್ಟುವ ಬೀದಿಯ ಫೋಟೋ ತೆಗೆದ. ಫೋಟೋದಲ್ಲಿ ಬೀದಿ ಖಾಲಿ! ಆಗಿನ ಕ್ಯಾಮೆರಾ ನಿಮಿಷಗಟ್ಟಲೆ ಕಣ್ಣು ತೆರೆದು ನೋಡಬೇಕಿತ್ತು, ಓಡಾಡುವವರು ಯಾರೂ ಒಂದೆಡೆ ನಿಲ್ಲದ ಕಾರಣ ಅಚ್ಚೊತ್ತಲೇ ಇಲ್ಲ. ಒಂದು ಮೂಲೆಯಲ್ಲಿ ಬೂಟಿಗೆ ಪಾಲಿಶ್ ಹಾಕಿಸಿಕೊಳ್ಳುತ್ತಾ ಕದಲದೆ ನಿಂತಿದ್ದವನು ಮಾತ್ರ ಉಳಿದ.

ಅದೇ ಉಪಾಯ ಇವತ್ತೂ ನಡೆಯುತ್ತದೆ. ಕ್ಯಾಮೆರಾವನ್ನು ಮೂರುಕಾಲಿನ ಸ್ಟ್ಯಾಂಡಿನ ಮೇಲಿಟ್ಟು, ಲೆನ್ಸಿಗೆ ಕಪ್ಪು ಗಾಜಿನಂಥ ಫಿಲ್ಟರ್ ಹಾಕಿ, ಒಂದೆರಡು ನಿಮಿಷ ತೆರೆದಿಟ್ಟರೆ ಓಡಾಡುವ ಜನ, ಬಸ್ಸು ಎಲ್ಲ ಕರಗಿಹೋಗುತ್ತವೆ. ನಿಲ್ಲಿಸಿದ ಸ್ಕೂಟರು ಮಾತ್ರ ಕರಗುವುದಿಲ್ಲ! ಅದಕ್ಕೆ ಭಾನುವಾರ ಬೆಳಗಿನ ಜಾವವೇ ಮದ್ದು. ಫ್ಲೆಕ್ಸ್ ಬ್ಯಾನರಿಗಂತೂ ಯಾವ ಕ್ಯಾಮೆರಾದಲ್ಲೂ ಮದ್ದಿಲ್ಲ. ಅದಕ್ಕೆ ಮದ್ದು ಇರುವುದು ಪಾಲಿಕೆಯ ಕೈಯಲ್ಲಿ.

ಆದರೆ ಎಲ್ಲ ಫೋಟೋದಲ್ಲೂ ಜನರನ್ನು ಓಡಿಸಬೇಡಿ. ಕಂಬದ ಪಕ್ಕ ಒಬ್ಬರು ನಿಂತರೆ ಕಂಬ ಎಷ್ಟು ಎತ್ತರ ಎಂದು ಯಾರಿಗಾದರೂ ತಿಳಿಯುತ್ತದೆ. ಕಡಲೆಕಾಯಿ ಗಾಡಿ, ಬಸ್ಸಿನ ಬೋರ್ಡು, ಅಂಗಡಿಯ ಹೆಸರು ಇವೆಲ್ಲ ಐವತ್ತು ವರ್ಷದ ಮೇಲೆ ಫೋಟೋ ಯಾವ ಕಾಲದ್ದು ಎಂದು ಸಾಕ್ಷಿ ಹೇಳುತ್ತವೆ.

ಕಂಬದ ತಲೆ, ಗೋಡೆಯ ಬಿರುಕು

ನಮ್ಮ ಪುರಭವನ ಗ್ರೀಕ್, ರೋಮನ್ ಮಾದರಿಯನ್ನು ಅನುಸರಿಸಿದ ಕಟ್ಟಡ. ಕಂಬದ ಸಾಲು, ಮೇಲೆ ತ್ರಿಕೋನದ ಮುಡಿ. ಈ ಮಾದರಿಯ ಕಂಬಗಳನ್ನು ತಲೆ ನೋಡಿ ಗುರುತಿಸಬೇಕು. ಬೋಳು ತಲೆಯದು ಡೋರಿಕ್ ಇಲ್ಲವೇ ಟಸ್ಕನ್. ಟಗರಿನ ಕೊಂಬಿನ ಹಾಗೆ ಎರಡು ಕಡೆ ಸುರುಳಿ ಇದ್ದರೆ ಅಯೋನಿಕ್. ಎಲೆಗಳ ಗೊಂಚಲಿದ್ದರೆ ಕೊರಿಂಥಿಯನ್. 1935ರಲ್ಲಿ ತೆರೆದ ಬೆಂಗಳೂರಿನ ಪುಟ್ಟಣ್ಣ ಚೆಟ್ಟಿ ಪುರಭವನವೂ ಇದೇ ವಂಶದ್ದು, ಅಲ್ಲಿ ಸರಳವಾದ ಟಸ್ಕನ್ ಕಂಬಗಳು. ನಮ್ಮದರ ತಲೆ ಯಾವ ಜಾತಿ ಎಂದು ನಾವು ಹೇಳುವುದಿಲ್ಲ. ನಾಳೆ ಬಸ್ಸಿಗೆ ಕಾಯುವ ಹೊತ್ತಿನಲ್ಲಿ ಹೋಗಿ, ಫೋನಿನಲ್ಲಿ ಹತ್ತಿರಕ್ಕೆ ಎಳೆದು ನೀವೇ ನೋಡಿ ಬನ್ನಿ. ಮೊದಲು ಕೇಳಿದ ಕಂಬದ ಲೆಕ್ಕವೂ ಮುಗಿಯಲಿ.

ನೋಡುವಾಗ ಅಂದದ ಜೊತೆಗೆ ಕಾಯಿಲೆಯನ್ನೂ ನೋಡಿ. ಹಳೆಯ ಕಟ್ಟಡದ ಮೊದಲ ಶತ್ರು ನೀರು. ತಾರಸಿಯ ನೀರು ಹೋಗುವ ದಾರಿ ಕಟ್ಟಿಕೊಂಡರೆ ಗೋಡೆ ನೆನೆಯುತ್ತದೆ. ನೆಂದ ಸಂದಿನಲ್ಲಿ ಹಕ್ಕಿ ಹಾಕಿದ ಅರಳಿ ಬೀಜ ಮೊಳೆಯುತ್ತದೆ. ಮೊದಲ ವರ್ಷ ಎರಡು ಎಲೆ, ಕೈಯಲ್ಲಿ ಕೀಳಬಹುದು. ಐದು ವರ್ಷ ಬಿಟ್ಟರೆ ಬೇರು ಗೋಡೆಯನ್ನೇ ಸೀಳುತ್ತದೆ. ಇನ್ನೊಂದು ಶತ್ರು ತೋರಿಕೆಯ ರಿಪೇರಿ. ಸುಣ್ಣದ ಗಾರೆಯ ಗೋಡೆ ಉಸಿರಾಡುವ ಗೋಡೆ, ಒಳಗಿನ ತೇವ ಹೊರಗೆ ಆರಿಹೋಗುತ್ತದೆ. ಅದರ ಮೇಲೆ ಸಿಮೆಂಟ್ ಬಳಿದು ಬಣ್ಣ ಹೊಡೆದರೆ ತೇವ ಒಳಗೇ ಸಿಕ್ಕಿಕೊಂಡು ಗೋಡೆ ಕೊಳೆಯುತ್ತದೆ. ಹೊರಗಿನಿಂದ ನೋಡುವವರಿಗೆ ಥಳಥಳ, ಒಳಗೆ ಟೊಳ್ಳು.

ಇಲ್ಲಿಯೇ ಫೋಟೋ ವೈದ್ಯರ ಕೆಲಸ ಮಾಡುವುದು. ಒಂದು ಬಿರುಕು ಕಂಡಿತು ಅನ್ನಿ. ಅದರ ಪಕ್ಕ ಒಂದು ಸ್ಕೇಲು ಹಿಡಿದು ಫೋಟೋ ತೆಗೆಯಿರಿ, ದಿನಾಂಕ ಬರೆದಿಡಿ. ಮಳೆಗಾಲ ಕಳೆದ ಮೇಲೆ ಅದೇ ಜಾಗದಲ್ಲಿ ನಿಂತು ಅದೇ ಬಿರುಕಿನ ಫೋಟೋ ಮತ್ತೆ. ಹಾಗೇ ಇದ್ದರೆ ಅದು ಹಳೆಯ ಗಾಯದ ಕಲೆ. ಬೆಳೆದಿದ್ದರೆ ಅಪಾಯದ ಗಂಟೆ. ಲ್ಯಾನ್ಸ್‌ಡೌನ್ ಕಟ್ಟಡದಲ್ಲಿ ಹೋದ ನಾಲ್ಕು ಜೀವಗಳನ್ನು ನೆನೆದರೆ ಈ ಕೆಲಸ ಬರೀ ಹವ್ಯಾಸ ಎನ್ನಿಸುವುದಿಲ್ಲ. "ಕಟ್ಟಡ ಶಿಥಿಲವಾಗಿದೆ" ಎಂಬ ಬಾಯಿಮಾತಿನ ಅರ್ಜಿ ಕಡತದಲ್ಲಿ ಮಲಗುತ್ತದೆ. ಮೂರು ವರ್ಷದ ಮೂರು ಫೋಟೋ ಲಗತ್ತಿಸಿದ ಅರ್ಜಿಯನ್ನು ಮಲಗಿಸುವುದು ಅಷ್ಟು ಸುಲಭವಲ್ಲ.

ಯಾರಾದರೂ ತಡೆದರೆ?

ಕಟ್ಟಡದ ಫೋಟೋ ತೆಗೆಯುವುದು ಅಪರಾಧವೇ ಎಂದು ಹೆದರುವವರಿದ್ದಾರೆ. 1957ರ ನಮ್ಮ ಕೃತಿಸ್ವಾಮ್ಯ ಕಾಯಿದೆಯ 52ನೆಯ ಕಲಮು ಕಟ್ಟಡದ ಚಿತ್ರ ಬರೆಯುವುದು, ಫೋಟೋ ತೆಗೆಯುವುದು ಉಲ್ಲಂಘನೆಯಲ್ಲ ಎನ್ನುತ್ತದೆ. ರಸ್ತೆಯಲ್ಲಿ ನಿಂತು ಪುರಭವನದ ಹೊರಮುಖ ತೆಗೆಯಲು ಕೃತಿಸ್ವಾಮ್ಯದ ಅಂಜಿಕೆ ಬೇಡ. ಒಳಗೆ ಹೋಗಿ ತೆಗೆಯುವುದಾದರೆ ಅದು ಬೇರೆ ಮಾತು, ನೋಡಿಕೊಳ್ಳುವವರ ಅನುಮತಿ ಪಡೆಯುವುದು ಮರ್ಯಾದೆ. ಡ್ರೋನ್ ಹಾರಿಸುವ ಉತ್ಸಾಹಿಗಳಿಗೆ 2021ರ ಡ್ರೋನ್ ನಿಯಮಗಳಿವೆ. ಪೇಟೆಯ ನಡುವೆ, ಅರಮನೆಯ ಪಕ್ಕದಲ್ಲಿ, ಕೇಳದೆ ಹಾರಿಸಿ ಠಾಣೆಯ ಮೆಟ್ಟಿಲು ಹತ್ತಬೇಡಿ. ಕಾವಲಿನವರು ಕೇಳಿದರೆ ಜಗಳಕ್ಕೆ ನಿಲ್ಲದೆ "ಅಣ್ಣಾ, ಕಟ್ಟಡದ ದಾಖಲೆಗೆ ತೆಗೀತಿದೀನಿ" ಎಂದು ಹೇಳಿ, ತೆಗೆದದ್ದನ್ನು ತೋರಿಸಿ. ಹೆಚ್ಚಿನವರು "ನಂದೂ ಒಂದು ತೆಗೀರಿ" ಎನ್ನುತ್ತಾರೆ. ತೆಗೆಯಿರಿ. ಅವರೂ ಆ ಕಟ್ಟಡದ ಚರಿತ್ರೆಯೇ.

ಅಂಗಡಿಯವರಿಗೆ ಒಂದು ವಿಶೇಷ ಮಾತು

ಸಯ್ಯಾಜಿರಾವ್ ರಸ್ತೆ, ಅಶೋಕ ರಸ್ತೆ, ಗಾಂಧಿ ಚೌಕದ ಹಳೆಯ ವರ್ತಕರೇ, ನಿಮ್ಮ ಗಲ್ಲಾಪೆಟ್ಟಿಗೆಯ ಮೇಲೆ, ದೇವರ ಪಟದ ಪಕ್ಕ, ತಂದೆ ತಾತಂದಿರು ಅಂಗಡಿ ಮುಂದೆ ನಿಂತ ಫೋಟೋ ಇರುತ್ತದೆ. ಒಂದು ಸಲ ಇಳಿಸಿ ಧೂಳು ಒರೆಸಿ ನೋಡಿ. ಅವರ ಬೆನ್ನ ಹಿಂದೆ ಒಂದು ಕಂಬವೋ, ಕಮಾನೋ, ಗಡಿಯಾರದ ಒಂದು ತುದಿಯೋ ಇದ್ದರೆ ಅದು ಊರಿನ ಆಸ್ತಿ. ಗಾಜಿನ ಚೌಕಟ್ಟಿನಿಂದ ತೆಗೆಯುವಾಗ ಹರಿಯದ ಹಾಗೆ ಎಚ್ಚರವಿರಲಿ. ಸ್ಕ್ಯಾನ್ ಮಾಡಿಸಿ. ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ಇಸವಿ, ಜಾಗ, ಹೆಸರು ಬರೆಯಿರಿ. ಬರೆಯದ ಫೋಟೋ ವಿಳಾಸವಿಲ್ಲದ ಕಾಗದದ ಹಾಗೆ, ಯಾರಿಗೂ ಮುಟ್ಟುವುದಿಲ್ಲ.

ಹೊಸದಾಗಿ ತೆಗೆಯುವವರಿಗೂ ಇದೇ ಮಾತು. ಎದುರಿನಿಂದ ಒಂದು, ಹಿಂದಿನಿಂದ ಒಂದು, ಎರಡು ಪಕ್ಕ, ನಾಲ್ಕು ಮೂಲೆ. ಎಂಟು ಫೋಟೋ ಆಯಿತು. ಆಮೇಲೆ ಕಂಬದ ತಲೆ, ಬಾಗಿಲು, ಕಿಟಕಿ, ಮೆಟ್ಟಿಲು, ಎಲ್ಲಾದರೂ ಹೆಸರು ಕೆತ್ತಿದ ಕಲ್ಲಿದ್ದರೆ ಅದೂ. ಹಿಂಭಾಗವನ್ನು ಬಿಡಬೇಡಿ, ಎಲ್ಲರೂ ಮುಖ ತೆಗೆಯುತ್ತಾರೆ, ಬಿರುಕು ಬೀಳುವುದು ಬೆನ್ನಿಗೆ. ಕಳಿಸುವಾಗ ವಾಟ್ಸಾಪಿನಲ್ಲಿ ಸುಮ್ಮನೆ ತಳ್ಳಿದರೆ ಅದು ಫೋಟೋವನ್ನು ಹಿಂಡಿ ಸಣ್ಣದು ಮಾಡುತ್ತದೆ, ಡಾಕ್ಯುಮೆಂಟ್ ಎಂದು ಲಗತ್ತಿಸಿ ಕಳಿಸಿ. ಫೋನು ಕಳೆದುಹೋದರೆ ಕಥೆ ಮುಗಿಯಿತು, ಆದ್ದರಿಂದ ಎರಡು ಕಡೆ ಇಡಿ.

ಇನ್ನು ಪಾಲಿಕೆಯ ಪುರಪಿತೃಗಳಿಗೆ. ದೊಡ್ಡ ಖರ್ಚೇನೂ ಬೇಕಿಲ್ಲ. ವರ್ಷಕ್ಕೊಮ್ಮೆ, ಮಳೆಗಾಲಕ್ಕೆ ಮುಂಚೆ ಒಂದು ಭಾನುವಾರ, ಪುರಭವನದ ಬಾಗಿಲನ್ನು ಕ್ಯಾಮೆರಾ ಹಿಡಿದವರಿಗೆ ತೆರೆದಿಡಿ. ಅಂದು ಅಂಗಳದಲ್ಲಿ ಗಾಡಿ ನಿಲ್ಲದಿರಲಿ, ಬ್ಯಾನರ್ ಇಳಿಯಲಿ. ತೆಗೆದವರು ಒಂದು ಪ್ರತಿ ಪಾಲಿಕೆಗೆ, ಒಂದು ಪ್ರತಿ ಮೈಸೂರಿನಲ್ಲೇ ಇರುವ ಪುರಾತತ್ವ ಮತ್ತು ಪರಂಪರೆ ಇಲಾಖೆಗೆ ಕೊಡಲಿ. ಹತ್ತು ವರ್ಷ ಕಳೆದರೆ ಹತ್ತು ಮಳೆಗಾಲದ ಲೆಕ್ಕ ಕೈಯಲ್ಲಿರುತ್ತದೆ. ಯಾವ ಕಂತ್ರಾಟುದಾರ ಬಂದು "ಇದು ಮೊದಲಿಂದ ಹೀಗೇ ಇತ್ತು ಸಾರ್" ಎಂದರೂ, "ಇಲ್ಲ ಕಣಪ್ಪ, ನೋಡು" ಎಂದು ತೋರಿಸಬಹುದು.

ಮನೆಯ ಹಿರಿಯರು ಇದ್ದಾಗ ನಾಲ್ಕು ಫೋಟೋ ತೆಗೆಯದೆ, ಹೋದ ಮೇಲೆ ಪಟಕ್ಕೆ ಹಾಕಲು ಗ್ರೂಪ್ ಫೋಟೋದಿಂದ ಮುಖ ಕತ್ತರಿಸುವ ಮನೆಗಳನ್ನು ನಾವೆಲ್ಲ ಕಂಡಿದ್ದೇವೆ. 1884ರಿಂದ ನಿಂತಿರುವ ಈ ಊರ ಹಿರಿಯನಿಗೆ ಆ ಗತಿ ಬಾರದಿರಲಿ. ನಾಗರಿಕರ ಕೈಯಲ್ಲಿ ಫೋನಿದೆ, ವರ್ತಕರ ಗೋಡೆಯ ಮೇಲೆ ಹಳೆಯ ಪಟಗಳಿವೆ. ಬಾಗಿಲಿನ ಬೀಗದ ಕೈ ಮಾತ್ರ ಪಾಲಿಕೆಯದು. ಬರುವ ಮಳೆಗಾಲಕ್ಕೆ ಮೊದಲೇ ಸಂಬಂಧಪಟ್ಟವರು ಇತ್ತ ಗಮನ ಹರಿಸುವರೇ?